ಪಿತೃಸ್ಥಾನಕ್ಕೆ ಬಡಿಸಿದ ಲೇಹ್ಯ

ಗಂಡನ ವರ್ಷಾಬ್ದಿಕಕ್ಕೆ ಪಂಢರಿನಾಥ ಪಂಡಿತನನ್ನೇ ಪಿತೃಸ್ಥಾನಕ್ಕೆ ಕರೆಯಬೇಕು ಎಂದು ಭೀಮಾಬಾಯಿ ಹಟ ಹಿಡಿದಾಗ ಮಗ ಕಿಟ್ಟು ತಲೆ ಚಚ್ಚಿಕೊಂಡ.

"ಅವರಾ? ವೇಂಡಾಂಮ್ಮಾ, ಬೇಡ! ಅಪ್ಪಾ ಹೋದದ್ದೇ ಅವರ ಲೇಹ್ಯದಿಂದ ಅಂತ ವರ್ಷವೆಲ್ಲಾ ಅತ್ತಾಕಿ ನೀನೇ ಅಲ್ಲೇನು?"

"ಅದಕ್ಕೇ ಕರೀತೀನಿ. ನೀ ಬಾಯಿ ಮುಚ್ಚಿಕೊಂಡು ಹೋಗಿ ಹೇಳಿ ಬಾ."

ಆಗ, ಐವತ್ತೆಂಟನೇ ಇಸವಿಯಲ್ಲಿ, ತಿರುವಲ್ಲಿಕ್ಕೇಣಿಯ ಮಾಧ್ವರ ಮನೆಗಳಲ್ಲಿ ಪಂಢರಿನಾಥನ ಲೇಹ್ಯವಿಲ್ಲದ ಗೂಡೇ ಇರಲಿಲ್ಲ. ಘಟ್ಟದ ದಟ್ಟ ಅಡವಿಯ ಬೇರಂತೆ, ಕಾಡಿನ ಜನ ತಲೆತಲಾಂತರದಿಂದ ತಿಂದು ಗಟ್ಟಿಯಾಗಿರುವ ಬೇರಂತೆ, ಕೀಲುನೋವು, ನಿಶ್ಶಕ್ತಿ, ಅಜೀರ್ಣ ಎಲ್ಲಕ್ಕೂ ಅದೊಂದೇ ಅಂತೆ! ಒಂದು ದಿನವೂ ತಪ್ಪಿಸದೆ ತಿನ್ನಬೇಕು ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿ ಮಾರುತ್ತಿದ್ದ. ಸುಳ್ಳೇಕೆ ಹೇಳಬೇಕು, ಭೀಮಾಬಾಯಿಯ ಗಂಡ ವಿಷ್ಣುತೀರ್ಥರ ಮೊಣಕಾಲು ನೋವು ಅದರಿಂದ ಇಳಿದದ್ದೂ ನಿಜ. ನುಂಗಂಬಾಕ್ಕದ ಆಫೀಸಿನ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತುತ್ತಿದ್ದರು.

ಆದರೆ ಏಕಾದಶಿ ಬರುತ್ತದಲ್ಲ! ಅವತ್ತು ನೀರನ್ನೂ ಮುಟ್ಟದ ಮನುಷ್ಯ ಅವರು. ಲೇಹ್ಯ ಬಿಡಲೇ ಎಂದು ಕೇಳಿದಾಗ ಪಂಡಿತ ನಕ್ಕುಬಿಟ್ಟ. "ಔಷಧಕ್ಕ ದೋಷ ಇಲ್ರೀ. ಬರೀ ಹೊಟ್ಟೀಲೇ ತಗೊಳ್ರಿ, ಇನ್ನೂ ಛಲೋ ಹಿಡೀತದ." ತಗೊಂಡರು. ಪ್ರತಿ ಏಕಾದಶಿಗೂ ವಾಂತಿಯಾಯಿತು. ಉಪವಾಸದ ಪಿತ್ತ ಎಂದು ಸುಮ್ಮನಾದರು. ಕೊನೆಗೆ ಕಣ್ಣು ಅರಿಶಿನವಾಯಿತು, ಹೊಟ್ಟೆ ಉಬ್ಬಿತು, ಮೇಲೇಳಲಿಲ್ಲ. ಲಿವರ್ ಸುಟ್ಟುಹೋಗಿದೆ, ಏನು ತಿಂದರು ಎಂದು ಡಾಕ್ಟರು ಕೇಳಿದಾಗ ಭೀಮಾಬಾಯಿಗೆ ಲೇಹ್ಯದ ನೆನಪಾಯಿತು.

ಪಂಡಿತ ಸಾವಿನ ಮನೆ ಮಾತನಾಡಿಸಲು ಬಂದವನು ಎಲ್ಲರೆದುರಿಗೆ ಎದೆ ತಟ್ಟಿಕೊಂಡ. "ಆಯುಷ್ಯ ಮುಗಿದಿತ್ತು ವೈನಿ. ನನ್ನ ಲೇಹ್ಯ ಅಮೃತ. ನಾನೇ ದಿನಾ ಬರೀ ಹೊಟ್ಟೀಲಿ ತಿಂತೀನಿ." ಜನ ತಲೆಯಾಡಿಸಿದರು. ಮುಂಡೆಯ ಮಾತನ್ನು ಯಾರು ಕೇಳುತ್ತಾರೆ? ಅವತ್ತು ಅವಳ ಹೊಟ್ಟೆಯಲ್ಲಿ ಹೊತ್ತಿದ ಬೆಂಕಿ ವರ್ಷವಾದರೂ ಆರಿರಲಿಲ್ಲ. ಇವನ ಬಾಯಿಂದಲೇ ನಿಜ ಕಕ್ಕಿಸಬೇಕು, ಅದೂ ಇದೇ ಜನರ ಎದುರಿಗೆ. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಪಂಡಿತ ಕುಣಿಯುತ್ತ ಬಂದ. ಸತ್ತವನ ಹೆಂಡತಿಯೇ ಕರೆದಳೆಂದರೆ ಊರ ಬಾಯಿಗೆ ಬೀಗ ಬಿದ್ದಂತೆಯೇ ಅಲ್ಲವೇ! ಶ್ರಾದ್ಧದ ಬ್ರಾಹ್ಮಣನೆಂದ ಮೇಲೆ ನಿಯಮದಂತೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಪಕ್ಕದ ಎಲೆಗೆ ಶ್ರಾದ್ಧದ ಇನ್ನೊಬ್ಬ ಬ್ರಾಹ್ಮಣ ತಿರುಮಲಾಚಾರ್ಯರು ಕೂತರು, ಪಡಸಾಲೆಯ ತುಂಬ ನೆಂಟರು. ಪಂಡಿತ ಆಪೋಶನ ತೆಗೆದುಕೊಂಡ. ಇನ್ನು ಅವನು ವಿಷ್ಣುತೀರ್ಥರ ಜಾಗದಲ್ಲಿ ಕೂತ ಹಾಗೆ. ಮಾತಾಡುವಂತಿಲ್ಲ, ಉಣ್ಣದೆ ಎದ್ದರೆ ಸತ್ತವನೇ ಹಸಿದು ಎದ್ದಂತೆ.

ಭೀಮಾಬಾಯಿ ವಿಧವೆಯ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡಿಗೆಮನೆಯಿಂದ ಹೊರಬಂದಳು. ಅವನ ಅಂಗಡಿಯಿಂದಲೇ ತರಿಸಿದ್ದ ಲೇಹ್ಯವನ್ನು ನಿಂಬೆಹಣ್ಣಿನಷ್ಟು ಎಲೆಯ ನಡುವೆ ಇಟ್ಟಳು.

"ಹೋದವರಿಗೆ ಇಷ್ಟವಾದದ್ದು ಮೊದಲು ಬಡಿಸಬೇಕಂತ. ಕೊನೀತನಕಾ ಇದನ್ನೇ ತಿಂದ್ರು. ತಗೊಳ್ರಿ."

ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಪಂಡಿತ ಕೈಸನ್ನೆಯಲ್ಲಿ ಬೇಡವೆಂದ. ಅವಳು ಕದಲಲಿಲ್ಲ. ತಿರುಮಲಾಚಾರ್ಯರು ತಿನ್ನಿ ಎಂದು ಕಣ್ಣಲ್ಲೇ ಗದರಿದರು. ಪಂಡಿತ ಲೇಹ್ಯವನ್ನು ತುಟಿಯ ತನಕ ಒಯ್ದ, ಎಲೆಯ ಮೇಲೆ ಎಸೆದುಬಿಟ್ಟ.

"ಬರೀ ಹೊಟ್ಟೀಲಿ ಬ್ಯಾಡ! ಲಿವರ್ ಸುಡ್ತದ! ಕಾಡಿನವರೂ ಅನ್ನ ಉಂಡ ಮ್ಯಾಲೇ ತಿಂತಾರ, ಅದೂ ಕಡ್ಲಿಕಾಳಿನಷ್ಟು!"



"ಅಂದ್ರ ನಿಮಗ ಗೊತ್ತಿತ್ತು," ಎಂದಳು ಭೀಮಾಬಾಯಿ. "ಮತ್ತ ಅವರಿಗ್ಯಾಕ ಹೇಳಲಿಲ್ಲ?"

"ಏಕಾದಶಿಗೆ ಬಿಡ್ರಿ ಅಂದ್ರ ಯಾಕ ಅಂತ ಕೇಳ್ತಿದ್ರು. ಕಾರಣ ಹೇಳಿದ್ರ ಅಂಜಿ ಬಿಟ್ಟೇಬಿಡ್ತಿದ್ರು. ನನ್ನ ವ್ಯಾಪಾರ ಏನಾಗಬೇಕಿತ್ತು, ವೈನಿ?"

ತಿರುಮಲಾಚಾರ್ಯರ ಕೈ ಅವರಿಗೆ ತಿಳಿಯದೆ ಅವರದೇ ಹೊಟ್ಟೆಯ ಮೇಲೆ ಹೋಯಿತು. ಭೀಮಾಬಾಯಿ ಲೇಹ್ಯವನ್ನು ಎತ್ತಿಕೊಂಡಳು.

"ಕಿಟ್ಟು, ಅನ್ನ ಬಡಿಸು. ನಿಮ್ಮಪ್ಪನ ಎಲೆ ಅದು. ಒಂದಗುಳೂ ಬಿಡದಂಗ ಉಣಿಸು."

ಅಷ್ಟು ಕಣ್ಣುಗಳ ಎದುರಿಗೆ ಪಂಡಿತ ಉಂಡ. ವಡೆ ಗಂಟಲಲ್ಲಿ ಸಿಕ್ಕಿತು, ಪಾಯಸ ಗಡ್ಡದ ಮೇಲೆ ಸುರಿಯಿತು. ಊಟವಾದ ಮೇಲೆ ಶಾಸ್ತ್ರದ ಪ್ರಕಾರ ಕಿಟ್ಟು ಕೈಮುಗಿದು, ತೃಪ್ತಿಯಾಯಿತೇ ಎಂದು ಕೇಳಿದ. ಆಯಿತು ಎಂದು ಪಂಡಿತ ತಲೆ ಎತ್ತದೆ ಗೊಣಗಿದ.

"ನಿಮಗಾಗಿರಬೇಕು, ನನಗಿನ್ನೂ ಆಗಿಲ್ಲ," ಎಂದಳು ಭೀಮಾಬಾಯಿ. "ನಾಳಿಂದ ಪುರಸೈವಾಕ್ಕದಾಗ ನಿಮ್ಮ ಅಂಗಡಿ ಮುಂದ ಕೂಡ್ತೀನಿ. ಬಂದವರಿಗೆಲ್ಲಾ ನೀವೀಗ ಆಡಿದ್ದನ್ನ ಹೇಳ್ತೀನಿ."

ಹೇಳಿದ ಹಾಗೆ ಹೋಗಿ ಕೂತಳು. ಅಂಗಡಿಗೆ ಕಾಯಂ ಬೀಗ ಬೀಳುವ ತನಕ ಏಳಲಿಲ್ಲ.