ಖಾಲಿ ನಿಂತ ಗಾಡಿ

ರಾಗಿ ಸೀಮೆಯವರಿಗೆ ಅನ್ನ ಎಂದರೆ ಹಬ್ಬ. ಮಡಕಶಿರಾ ತಾಲೂಕಿನ ಗುಡಿಬಂಡೆ ಕಡೆಯ ಹೆಂಗಸರು ಆ ಅನ್ನಕ್ಕಾಗಿ ಪುಷ್ಯ ಮಾಸದಲ್ಲಿ ಮನೆ ಬಿಡುತ್ತಾರೆ. ತಮ್ಮ ಹೊಲದ ರಾಗಿ, ಕಡಲೆಕಾಯಿ ಕೆಲಸ ಮುಗಿದ ಮೇಲೆ ಐದು ದಿನ ನಡೆದು ರಾಯದುರ್ಗದ ಸೀಮೆಯ ಕಣೇಕಲ್ಲಿಗೆ ಹೋಗುತ್ತಾರೆ. ಅಲ್ಲಿ ದೊಡ್ಡ ಕೆರೆ, ಕೆರೆಯ ಕೆಳಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಒಂದು ತಿಂಗಳು ಕೊಯ್ಲು ಮಾಡಿದರೆ ಕೂಲಿಯೂ ಭತ್ತವಾಗಿಯೇ ಸಿಗುತ್ತದೆ. ಯುಗಾದಿ, ಗೌರಿ ಹಬ್ಬ, ಬಾಣಂತನ, ಬೀಗರ ಊಟ ಎಲ್ಲವೂ ಆ ಭತ್ತದಲ್ಲೇ ನಡೆಯಬೇಕು.

ಇಷ್ಟು ದುಡಿಯುವ ಹೆಂಗಸರು ಆ ಒಂದು ತಿಂಗಳು ಎಲ್ಲಿ ಮಲಗುತ್ತಾರೆ? ಇದನ್ನು ಯಾರೂ ಕೇಳುವುದಿಲ್ಲ. ಗಂಡಸರಂತೂ ಕೇಳುವುದೇ ಇಲ್ಲ. ಅದಕ್ಕೇ ಈ ಕಥೆ.

ಕದಿರಮ್ಮನ ಗುಂಪಿನಲ್ಲಿ ನಾಲ್ವರು ಹೆಂಗಸರು. ಕದಿರಮ್ಮನೇ ಯಜಮಾನಿ. ಐವತ್ತು ದಾಟಿದ ಗಟ್ಟಿ ಹೆಂಗಸು, ಮಾತು ಅದಕ್ಕಿಂತ ಗಟ್ಟಿ. ಅವಳ ಸೊಸೆ ಆದಿಲಕ್ಷ್ಮಿ. ಕೊಯ್ಲಿಗೆ ನಿಂತರೆ ಆದಿಲಕ್ಷ್ಮಿಯ ಕುಡುಗೋಲಿಗೆ ಸಮ ಇಲ್ಲ ಎಂದು ಗದ್ದೆಯ ಯಜಮಾನರೇ ಹೇಳುತ್ತಿದ್ದರು. ಉಳಿದ ಇಬ್ಬರು ಪಕ್ಕದ ಮನೆಯ ಈರಕ್ಕ ಮತ್ತು ಚೌಡಕ್ಕ. ಗಾಡಿ ಹೊಡೆಯಲು ಪಾಲಯ್ಯ ಎಂಬ ಮುದುಕ. ಈ ಸಲ ಆದಿಲಕ್ಷ್ಮಿಯ ಸೊಂಟದ ಮೇಲೆ ಆರು ತಿಂಗಳ ಹೆಣ್ಣುಮಗು ಪುಟ್ಟಿಯೂ ಇತ್ತು.

ಹೊರಡುವ ದಿನ ಆದಿಲಕ್ಷ್ಮಿಯ ಗಂಡ ಚಿಕ್ಕತಿಮ್ಮಯ್ಯ ತಾಯಿಯನ್ನು ಕೇಳಿದ.

“ಎಳೇ ಕೂಸನ್ನ ಆ ಗುಡಾರದಾಗೆ ಮಲಗಿಸ್ತೀಯೇನವ್ವಾ?”

“ನಿನ್ನೂ ಅದೇ ಗುಡಾರದಾಗೆ ಮಲಗಿಸಿದ್ದೆ. ಸತ್ತೋದ್ಯಾ?” ಎಂದಳು ಕದಿರಮ್ಮ. ಮಾತು ಅಲ್ಲಿಗೇ ಮುಗಿಯಿತು.

ಅವರ ಗುಡಾರವೆಂದರೆ ಎರಡು ಕಂಬಳಿ ಸೇರಿಸಿ ಹೊಲಿದು ಕೋಲಿನ ಮೇಲೆ ಎಳೆದು ಕಟ್ಟಿದ್ದು. ಕೆಳಗೆ ಮೆತ್ತಗಿರಲಿ ಎಂದು ಭತ್ತದ ಹುಲ್ಲು ಹರಡಿ, ಅದರ ಮೇಲೆ ಚಾಪೆ ಹಾಸುತ್ತಿದ್ದರು. ದಿನದ ಕೂಲಿಯ ಭತ್ತ ತುಂಬಿದ ಗೋಣಿಚೀಲವೇ ತಲೆದಿಂಬು. ಕಳ್ಳ ಬಂದರೆ ಎಚ್ಚರವಾಗಲಿ ಎಂದು ಹಾಗೆ ಮಾಡುವುದು ಹಿಂದಿನಿಂದ ಬಂದ ಪದ್ಧತಿ. ಗುಡಾರದಿಂದ ಹತ್ತು ಮಾರು ಆಚೆಗೆ ಗಾಡಿ ನಿಂತಿರುತ್ತಿತ್ತು. ಒಳ್ಳೆಯ ಹಲಗೆ ಹೊಡೆದ, ಗಟ್ಟಿ ಚಕ್ರದ ಗಾಡಿ. ಒಂದು ತಿಂಗಳೂ ಖಾಲಿ.

ಅದಕ್ಕೂ ಒಂದು ಕಾರಣವಿತ್ತು. ಭತ್ತ ತರಲು ಹೊರಡುವ ಗಾಡಿಗೆ ಊರಿನಲ್ಲಿ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಭತ್ತದ ಮೂಟೆ ಏರುವ ತನಕ ಅದರಲ್ಲಿ ಯಾರೂ ಮಲಗಬಾರದು. ಹೆಂಗಸರಂತೂ ಮಲಗಲೇಬಾರದು. ಮಲಗಿದರೆ ಧಾನ್ಯಲಕ್ಷ್ಮಿ ಗಾಡಿ ಹತ್ತುವುದಿಲ್ಲ ಎಂದು ನಂಬಿಕೆ.

ಅವರ ಬಿಡಾರದ ಪಕ್ಕದಲ್ಲೇ ಉಜ್ಜಿನಮ್ಮನ ಬಂಡಿ ನಿಲ್ಲುತ್ತಿತ್ತು. ಉಜ್ಜಿನಮ್ಮ ರಾಯದುರ್ಗದವಳು. ಹುಣಸೆಹಣ್ಣು, ಒಣಮೆಣಸಿನಕಾಯಿ ಹೇರಿಕೊಂಡು ಸಂತೆಯಿಂದ ಸಂತೆಗೆ ತಾನೇ ಬಂಡಿ ಹೊಡೆದುಕೊಂಡು ಹೋಗುವ ಗಟ್ಟಿಗಿತ್ತಿ. ಆ ಬಂಡಿಯ ಮೇಲೆ ಬಿದಿರಿನ ಕಮಾನು, ಕಮಾನಿನ ಮೇಲೆ ಈಚಲ ಚಾಪೆ. ಒಳಗೆ ಹಲಗೆಯ ಮೇಲೆ ದಪ್ಪ ಕೌದಿ, ಒಂದು ಮೂಲೆಯಲ್ಲಿ ಸಣ್ಣ ಕನ್ನಡಿ. ಹಿಂದೆ ನೀರಿನ ಗಡಿಗೆ ತೂಗುತ್ತಿತ್ತು. ಉಜ್ಜಿನಮ್ಮನ ಮನೆಗೆ ಗಾಲಿ ಇದೆ ಎಂದು ಸಂತೆಯವರು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

“ಏನ್ರಿ ಕದಿರಕ್ಕಾರ, ಅಂಥಾ ಚಲೋ ಬಂಡಿ ಖಾಲಿ ನಿಂದ್ರಿಸಿ ನೀವು ನೆಲದಾಗ ಮಲಗೀರಿ. ಕೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲ ತಿರುಗಿದಂಗಾತು ನೋಡ್ರಿ,” ಎಂದಳು ಒಂದು ದಿನ.

“ಭೂಮ್ತಾಯಿ ಮಡಿಲು ತಾಯಿ ಇದು. ನಲವತ್ತು ವರ್ಷದಿಂದ ಮಲಗ್ತಿದೀನಿ. ನನಗೇನಾಗೈತೆ?”

“ಬೆಳಿಗ್ಗೆ ಏಳುವಾಗ ಮೊಣಕಾಲು ಹಿಡಕೊಂಡು ಅಯ್ಯಪ್ಪಾ ಅಂತೀರಲ್ರಿ, ಅದು ನನಗ ಕೇಳಸ್ತೈತಿ.”

ಈರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕದಿರಮ್ಮ ಅವಳನ್ನು ಕೆಕ್ಕರಿಸಿ ನೋಡಿದಳು.

ಹನ್ನೆರಡನೆಯ ದಿನ ಬೆಳಗ್ಗೆ ಆದದ್ದು ಹೀಗೆ. ಪುಟ್ಟಿ ಹಸಿದು ಅತ್ತಳು. ಆದಿಲಕ್ಷ್ಮಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಎಳೆಬಿಸಿಲಿನಲ್ಲಿ ಕೂತು ಹಾಲು ಕುಡಿಸಿದಳು. ಆಮೇಲೆ ಮಗುವನ್ನು ಚೌಡಕ್ಕನ ಕೈಗೆ ಕೊಟ್ಟು ಚಾಪೆ ಕೊಡವಲು ಒಳಗೆ ಹೋದಳು. ತಲೆದಿಂಬಾಗಿದ್ದ ಭತ್ತದ ಚೀಲವನ್ನು ಸರಿಸಿದಳು. ಚೀಲದ ಕೆಳಗೆ ಬೆಚ್ಚನೆಯ ಹುಲ್ಲಿನಲ್ಲಿ ಕೊಳಕುಮಂಡಲದ ಹಾವು ಸುರುಳಿ ಸುತ್ತಿಕೊಂಡು ಮಲಗಿತ್ತು. ಮಗುವಿನ ತಲೆ ಇದ್ದ ಜಾಗಕ್ಕೂ ಅದಕ್ಕೂ ಒಂದು ಗೇಣು ಅಷ್ಟೆ.

ಅವಳು ಹಿಂದೆ ಹಿಂದೆ ಸರಿದು ಬಂದು ಬೆರಳು ತೋರಿಸಿದಳು. ಪಾಲಯ್ಯ ಇಣುಕಿ ನೋಡಿ, “ಪಾಮು! ಪಾಮು!” ಎಂದು ಅರಚಿದ. ಹೆದರಿದಾಗ ಅವನ ಬಾಯಿಗೆ ಕನ್ನಡ ಬರುವುದಿಲ್ಲ, ತೆಲುಗೇ ಬರುತ್ತದೆ.

“ಯಾರೂ ಹತ್ರ ಹೋಗಬ್ಯಾಡ್ರಿ!” ಎಂದು ಉಜ್ಜಿನಮ್ಮ ಓಡಿ ಬಂದಳು. ದೂರದಿಂದಲೇ ಉದ್ದ ಗಳದಲ್ಲಿ ಗುಡಾರದ ಕೋಲು ಕೆಡವಿ ಕಂಬಳಿ ಎಳೆಸಿದಳು. ಬಿಸಿಲು ಬಿದ್ದ ಮೇಲೆ ಹಾವು ತಾನಾಗಿ ಬದುವಿನ ಕಡೆಗೆ ಹರಿದು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆದಿಲಕ್ಷ್ಮಿ ಮಗುವನ್ನು ಎದೆಗೆ ಅವಚಿಕೊಂಡು ಅಳತೊಡಗಿದಳು. ಅಂಥ ಅಳುವನ್ನು ನೋಡಿದರೆ ಕಲ್ಲೂ ಕರಗಬೇಕು.

ಕದಿರಮ್ಮನೂ ಹೆದರಿದ್ದಳು. ಹೆದರಿಕೆ ಅವಳಲ್ಲಿ ಸಿಟ್ಟಾಗಿ ಹೊರಬಂತು.

“ಹಸುಗೂಸನ್ನ ಕೊಯ್ಲಿಗೆ ಕರ್ಕಂಡು ಬಂದಿದ್ದೇ ತಪ್ಪು. ಇದು ನಾಗಪ್ಪ ಕೊಟ್ಟ ಸೂಚನೆ. ಆದೀ, ನಾಳೆ ನೀನು ಕೂಸು ಎತ್ಕಂಡು ಊರಿಗೆ ಹೊರಡು. ಪಾಲಯ್ಯ ಬಿಟ್ಟು ಬತ್ತಾನೆ.”

ಆದಿಲಕ್ಷ್ಮಿ ಅತ್ತೆಗೆ ಎದುರು ಮಾತಾಡಿದವಳಲ್ಲ. ಆ ದಿನ ಮಾತಾಡಿದಳು.

“ಈ ವರ್ಷ ಕೂಸೈತೆ ಅಂತ ಕಳಿಸ್ತೀಯ. ಬರೋ ವರ್ಷ ಇನ್ನೊಂದು ಇರಬೋದು. ಹಂಗಾದ್ರೆ ನಾನು ಕುಡುಗೋಲು ಕೆಳಗಿಟ್ಟಂಗೇ ಅಲ್ವಾ ಅತ್ತೆ? ನನಗೆ ಬರೋದು ಇದೊಂದು ಕೆಲಸ. ಇದನ್ನೂ ಬಿಡು ಅಂತೀಯಾ? ಬಿಡಲ್ಲ ಅಂದ್ರೆ ಕೂಸನ್ನ ಹಾವಿನ ಪಕ್ಕ ಮಲಗಿಸ್ಲಾ?”

ಉಜ್ಜಿನಮ್ಮ ಬಗ್ಗಿ ಭತ್ತದ ಚೀಲ ಹೊರಳಿಸಿದಳು. ಚೀಲದ ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ತೂತಿನ ಸುತ್ತ ಹೊಟ್ಟು. ಗಳದ ತುದಿಯಲ್ಲಿ ಹುಲ್ಲು ಕೆದಕಿದರೆ ಕೆಂಪು ಕೆಂಪಗಿನ ಇಲಿಮರಿಗಳು.

“ನೋಡ್ರಿ ಅಕ್ಕಾರ. ನಾಗಪ್ಪ ನಿಮ್ಮ ಮ್ಯಾಲ ಸಿಟ್ಟಾಗಿ ಬಂದಿಲ್ಲ. ಭತ್ತಕ್ಕ ಇಲಿ ಬಂತು, ಇಲಿ ಹಿಂದ ಹಾವು ಬಂತು. ನೀವು ಭತ್ತಾನ ತಲಿ ಕೆಳಗ ಇಟಗೊಂಡು ಮಲಗಿದ್ರಿ. ಕಳ್ಳನ್ನ ಕಾಯಾಕ ಹೋಗಿ ಹಾವಿಗೆ ಹಾಸಿಗಿ ಹಾಸಿದ್ರಿ.”

“ನಲವತ್ತು ವರ್ಷದಿಂದ…” ಎಂದು ಕದಿರಮ್ಮ ಶುರುಮಾಡಿದಳು.

“ನಲವತ್ತು ವರ್ಷ ಉಳಕೊಂಡಿದ್ದು ನಿಮ್ಮ ಪುಣ್ಯಾರಿ, ಗುಡಾರದ ಪುಣ್ಯ ಅಲ್ಲ. ನಾನೂ ಆರು ವರ್ಷ ನೆಲದಾಗ ಮಲಗಿದಾಕಿ. ಚೇಳು ಕಡದು ಮೂರು ದಿನ ಒದ್ದಾಡಿದ ಮ್ಯಾಲ ನನಗ ಬುದ್ಧಿ ಬಂತು. ಬಂಡ್ಯಾಗ ನೆಲದ ಶೀತ ಇಲ್ಲ, ಹುಳ ಹುಪ್ಪಡಿ ಭಯ ಕಡಿಮಿ. ಬಂಡಿ ಹತ್ತಿ ಒಂದು ಗಳಿಗಿ ಬೆನ್ನು ಚಾಚಿ ನೋಡ್ರಿ. ಬರ್ರಿ.”

ಕದಿರಮ್ಮ ಹೋಗಲಿಲ್ಲ. ಆದರೆ ಸಂಜೆ ಗದ್ದೆಯಿಂದ ಬಂದ ಮೇಲೆ ಆದಿಲಕ್ಷ್ಮಿ ಮಗುವಿನೊಂದಿಗೆ ಉಜ್ಜಿನಮ್ಮನ ಬಂಡಿಯಲ್ಲಿ ಕೂತಿದ್ದಳು. ಮೊಮ್ಮಗಳನ್ನು ನೋಡುವ ನೆಪದಲ್ಲಿ ಕದಿರಮ್ಮನೂ ಹತ್ತಿದಳು. ಕೌದಿಯನ್ನು ಒತ್ತಿ ನೋಡಿದಳು. “ಹಲಗೆ ಬಲು ಗಟ್ಟಿ,” ಎಂದಳು. ಮೊಣಕೈ ಊರಿದಳು, ಆಮೇಲೆ ತಲೆ ಊರಿದಳು. ಮಾತು ಅರ್ಧದಲ್ಲೇ ನಿಂತು ಗೊರಕೆ ಕೇಳಿಸಿತು.

ಎದ್ದಾಗ ಸೂರ್ಯ ಹುಟ್ಟಿದ್ದ. ಕದಿರಮ್ಮ ದಡಬಡಿಸಿ ಇಳಿದಳು. ಇಳಿದು ನಾಲ್ಕು ಹೆಜ್ಜೆ ಇಟ್ಟಮೇಲೆ ತಾನು ಮೊಣಕಾಲು ಹಿಡಿದುಕೊಳ್ಳಲಿಲ್ಲ ಎಂಬುದು ಅವಳಿಗೇ ಗೊತ್ತಾಯಿತು. ಎಲ್ಲರೂ ನೋಡುತ್ತಿದ್ದರು. ಉಜ್ಜಿನಮ್ಮ ಒಲೆಗೆ ಕಡ್ಡಿ ತುರುಕುತ್ತ ಕೂತಿದ್ದಳು.

“ಎಲ್ಲಾ ಸರಿ,” ಎಂದಳು ಕದಿರಮ್ಮ, ಯಾರೂ ಕೇಳದಿದ್ದರೂ. “ನಮ್ಮ ಗಾಡಿ ಪೂಜೆ ಆಗಿರೋ ಗಾಡಿ. ಅದರಾಗೆ ಹೆಂಗಸ್ರು ಮಲಗಿದ್ರೆ ಭತ್ತ ಹೆಂಗೆ ಹೇರೋದು?”

ಆದಿಲಕ್ಷ್ಮಿ ಮೆಲ್ಲಗೆ ಹೇಳಿದಳು. “ಅತ್ತೆ, ಕಣದಾಗೆ ದಿನವೆಲ್ಲಾ ನಾವು ತುಳೀತೀವಿ, ಎತ್ತು ತುಳೀತಾವೆ. ಸಂಜೆಗೆ ಗುಡಿಸಿ ಸಗಣಿ ಸಾರಿಸಿದ್ರೆ ಅದೇ ಜಾಗದಾಗೆ ರಾಶಿ ಪೂಜೆ ಮಾಡ್ತೀವಿ. ಲಕ್ಷ್ಮಿ ಬರಲ್ಲ ಅಂದಿದ್ದಾಳಾ? ಗಾಡೀನೂ ಕಡೇ ದಿನ ತೊಳೆದು ಪೂಜೆ ಮಾಡಿ ಹೇರಿದ್ರಾಯ್ತು.”

ಕದಿರಮ್ಮ ಸೊಸೆಯ ಮುಖವನ್ನೇ ನೋಡಿದಳು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದು ಚೌಡಕ್ಕ ಗೊಣಗಿದ್ದು ಕೇಳಿಸದವಳಂತೆ ಪಾಲಯ್ಯನ ಕಡೆ ತಿರುಗಿದಳು.

“ಏನು ನೋಡ್ಕಂಡು ನಿಂತಿದೀಯಾ? ಯಜಮಾನ್ರನ್ನ ಕೇಳಿ ನಾಕು ಬಿದಿರು ಕಡ್ಕಂಡು ಬಾ!”

ಮಧ್ಯಾಹ್ನದ ಹೊತ್ತಿಗೆ ಗಾಡಿಯ ಮೇಲೆ ಕಮಾನು ಎದ್ದಿತು. ಹೊಸದಾಗಿ ಏನನ್ನೂ ತರಲಿಲ್ಲ. ಗುಡಾರದ ಕಂಬಳಿಯನ್ನೇ ಕೊಡವಿ ಬಿಸಿಲಿಗೆ ಹಾಕಿ ಕಮಾನಿನ ಮೇಲೆ ಹೊದಿಸಿದರು. ಚಕ್ರದ ಹಿಂದೆ ಮುಂದೆ ಕಲ್ಲು ಇಟ್ಟರು. ಗಾಡಿ ಮುಗ್ಗರಿಸದಂತೆ ನೊಗದ ಕೆಳಗೆ ಒಂದು, ಹಿಂದೆ ಒಂದು ಊರುಗೋಲು ಕೊಟ್ಟರು. ಎತ್ತುಗಳನ್ನು ಗಾಡಿಗೆ ಕಟ್ಟದೆ ದೂರದ ಗೂಟಕ್ಕೆ ಕಟ್ಟಿದರು. ಗಾಡಿಯ ಕೆಳಗಿನ ಹುಲ್ಲು ಕಸವನ್ನೆಲ್ಲ ಗುಡಿಸಿದರು. ಕೂಲಿಯ ಭತ್ತವನ್ನು ಉಜ್ಜಿನಮ್ಮ ಕೊಡಿಸಿದ ತೊಳೆದು ಒಣಗಿಸಿದ ಖಾಲಿ ಎಣ್ಣೆ ಡಬ್ಬಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಮಲಗುವ ಜಾಗದಿಂದ ಆಚೆಗೆ ಕಲ್ಲಿನ ಮೇಲೆ ಇಟ್ಟರು. ಕಮಾನಿನೊಳಗೆ ದೀಪ ಹಚ್ಚಕೂಡದು ಎಂದು ಉಜ್ಜಿನಮ್ಮ ಮೂರು ಸಲ ಹೇಳಿದಳು. ನಾಲ್ವರು ಹೆಂಗಸರು, ಒಂದು ಮಗು. ಇಕ್ಕಟ್ಟಾಯಿತು, ನಿಜ. ಈರಕ್ಕನ ಕಾಲು ಚೌಡಕ್ಕನಿಗೆ ತಗುಲುತ್ತದೆಂದು ದಿನಾ ಜಗಳ. ಆದರೆ ಜಗಳ ಕಚ್ಚುವುದಿಲ್ಲವಲ್ಲ!

ಆದಿಲಕ್ಷ್ಮಿ ಊರಿಗೆ ಹೋಗಲಿಲ್ಲ. ಕೊಯ್ಲು ಮುಗಿಯುವ ತನಕ ಅವಳ ಕುಡುಗೋಲು ಆಡಿತು. ಪುಟ್ಟಿ ಗಾಡಿಯ ಕಮಾನಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ತೂಗಿಸಿಕೊಂಡು ದುಂಡಗಾದಳು.

ಕಡೆಯ ದಿನ ಗಾಡಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಭತ್ತವನ್ನು ಚೀಲಕ್ಕೆ ತುಂಬಿ ಹೇರಿದರು. ಉಜ್ಜಿನಮ್ಮನಿಗೆ ಕದಿರಮ್ಮ ಒಂದು ಮೊರ ಭತ್ತ ಕೊಟ್ಟಳು. ಅವಳ ಕೈ ಹಿಡಿದುಕೊಂಡಳು.

ಮೊದಲ ದಿನದ ದಾರಿ ನಡೆದು, ಹೊತ್ತು ಮುಳುಗುವ ಮುನ್ನ ಒಂದು ಬಾವಿಯ ಹತ್ತಿರ ಬಿಡಾರ ಮಾಡಿದರು. ಗಾಡಿಯ ತುಂಬ ಮೂಟೆಗಳು. ಧಾನ್ಯಲಕ್ಷ್ಮಿ ಗಾಡಿ ಹತ್ತಿ ಆಗಿತ್ತು. ಆದಿಲಕ್ಷ್ಮಿ ಮಗುವನ್ನು ಸೊಂಟದಿಂದ ಇಳಿಸಿ, ಹಳೆಯ ಪದ್ಧತಿಯಂತೆ ನೆಲದ ಮೇಲೆ ಚಾಪೆ ಬಿಚ್ಚತೊಡಗಿದಳು.

“ಅದ್ಯಾಕಮ್ಮಿ ಅಲ್ಲಿ ಹಾಸ್ತೀಯಾ?” ಎಂದಳು ಕದಿರಮ್ಮ.

“ಗಾಡಿ ತುಂಬಾ ಭತ್ತ ಐತಲ್ಲ ಅತ್ತೆ.”

ಕದಿರಮ್ಮ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿ ಮೊದಲ ಮೂಟೆಗೆ ಕೈ ಹಾಕಿದಳು.

“ಹಿಡೀರಿ, ಕೆಳಗಿಳಿಸಿ. ಅಗೋ, ಆ ಬಂಡೆ ಮೇಲೆ ಇಕ್ಕಿ. ಭತ್ತಕ್ಕೆ ಹಾವು ಕಚ್ಚಲ್ಲ. ಮೊದಲು ನನ್ನ ಸೊಸೆ, ಮೊಮ್ಮಗಳು ಹತ್ತಲಿ.”

ಅಕ್ಕತಂಗಿಯರೇ, ಕೊಯ್ಲಿಗೋ ಜಾತ್ರೆಗೋ ದೂರದ ಸಂತೆಗೋ ನೀವೂ ಗಾಡಿ ಕಟ್ಟಿಕೊಂಡು ಹೋಗುತ್ತೀರಿ. ನಾಲ್ಕು ಬಿದಿರು, ಮನೆಯಲ್ಲಿರುವ ಒಂದು ಕಂಬಳಿ, ಅರ್ಧ ದಿನದ ಕೆಲಸ. ಹೊರಡುವ ಮುಂಚೆಯೇ ಗಾಡಿಗೆ ಕಮಾನು ಕಟ್ಟಿಸಿ. ನೆಲ ಬಿಟ್ಟು ಮೇಲೆ ಮಲಗಿ. ಕಾಳು ಕಡ್ಡಿಯನ್ನು ತಲೆಯ ಬಳಿ ಇಡಬೇಡಿ. ಯಾರನ್ನಾದರೂ ಹಾವು ಕಚ್ಚಿದರೆ ಮಂತ್ರ ಹಾಕಿಸುತ್ತ ಕೂರಬೇಡಿ, ಅದೇ ಗಾಡಿಯಲ್ಲಿ ಮಲಗಿಸಿ ನೇರ ಆಸ್ಪತ್ರೆಗೆ ಹೊಡೆಸಿ. ಮನೆಯ ಗಂಡಸರು ಈ ಕಥೆ ಓದುತ್ತಿದ್ದರೆ ಅವರಿಗೂ ಒಂದು ಮಾತು: ನಿಮ್ಮ ಹಬ್ಬದ ಅನ್ನ ತರುವವರು ಎಲ್ಲಿ ಮಲಗುತ್ತಾರೆ ಎಂದು ಇವತ್ತೇ ಕೇಳಿ. ಕೇಳಿ ಸುಮ್ಮನಾಗಬೇಡಿ, ಬಿದಿರು ಕಡಿದು ತನ್ನಿ.