ಹುಲಿಯಪ್ಪನ ಗಾಡಿ ಕುದಿದದ್ದು

ಹೊಸನಗರದ ಹುಲಿಯಪ್ಪನನ್ನು ಏನು ಬೇಕಾದರೂ ಕೇಳಬಹುದಿತ್ತು, "ಗಾಡಿ ಬಿಸಿಯಾಗೋದಿಲ್ಲ ತಾನೆ?" ಅಂತ ಮಾತ್ರ ಕೇಳಬಾರದಿತ್ತು. ಕೇಳಿದಿರೋ, ಕೆಟ್ಟಿರಿ. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಎದುರಿಗೇ ನಿಲ್ಲುತ್ತಿದ್ದ. "ಬಿಸಿ ಆಗದೇ ಇರೋಕೆ ಅದೇನು ಹೆಣವಾ? ಡೀಸೆಲ್ ಎಂಜಿನ್ನು, ಬಿಸಿ ಆಗೇ ಆಗ್ತದೆ. ಆ ಬಿಸೀನ ಹದದಲ್ಲಿ ಇಟ್ಕೊಳ್ಳಾಕೆ ಬರೋನಿಗೆ ಡ್ರೈವರ್ ಅಂತಾರೆ. ಬಾರದೇ ಇರೋನಿಗೆ ಕಂಡಕ್ಟರ್ ಅಂತಾರೆ." ಕಂಡಕ್ಟರುಗಳು ಅವನಿಗೆ ಏನು ಅನ್ಯಾಯ ಮಾಡಿದ್ದರೋ ದೇವರೇ ಬಲ್ಲ.

ಜಂಬ ಇತ್ತು, ಆದರೆ ಪೊಳ್ಳು ಜಂಬವಲ್ಲ. ಅವನದೊಂದು ಹಳೇ ಪಿಕಪ್ಪು. ಅದರ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ಲಿನದು ಕೂರಿಸಿಕೊಂಡಿದ್ದ. ಹಿಂದೆ ಟ್ರೈಲರ್ ಸಿಕ್ಕಿಸಿ ದಿಮ್ಮಿ, ಹೆಂಚು, ಗೊಬ್ಬರ ಎಲ್ಲ ಎಳೆದಿದ್ದ. ಕೆಟ್ಟು ನಿಂತ ಬಸ್ಸೊಂದನ್ನು ನಗರದಿಂದ ಎಳೆದು ತಂದು ನಿಲ್ಲಿಸಿದ್ದನ್ನು ಊರೇ ನೋಡಿತ್ತು. ಏರು ಸಿಗುವ ಮೊದಲೇ ಗೇರು ಇಳಿಸಬೇಕು, ಎಂಜಿನ್ ಗೋಳಾಡೋವರೆಗೆ ಕಾಯಬಾರದು. ಏರು ಮುಗಿದ ಕೂಡಲೇ ಆಫ್ ಮಾಡಬಾರದು, ನಿಂತಲ್ಲೇ ಒಂದಿಷ್ಟು ಹೊತ್ತು ಓಡಲು ಬಿಡಬೇಕು. ಕುದಿಯುವ ಎಂಜಿನ್ನಿಗೆ ಅವಸರದಲ್ಲಿ ತಣ್ಣೀರು ಸುರಿದರೆ ಅದರ ಹೆಡ್ಡು ಸೀಳುತ್ತದೆ. ಇಷ್ಟನ್ನೂ ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ; ಕೈ ಸುಟ್ಟುಕೊಂಡೇ ಕಲಿತಿದ್ದ.

ಆ ವರ್ಷದ ಬೇಸಗೆಯಲ್ಲಿ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಅಣೆಕಟ್ಟು ಎದ್ದಿತ್ತು; ಮಳೆಗಾಲ ಹಿಡಿದರೆ ಶರಾವತಿಯ ನೀರು ಏರುತ್ತದೆ, ಹೊಳೆಬದಿಯ ಊರುಗಳೆಲ್ಲ ಖಾಲಿಯಾಗಬೇಕು. ಬ್ಯಾಕೋಡಿನ ಕಡೆಯ ಒಂದು ಊರಿನಿಂದ ವೀರಕುಮಾರ ಬಂದು ಅವನನ್ನು ಹಿಡಿದ. ಅವರದು ತಲೆತಲಾಂತರದ ಜೈನ ಮನೆತನ. ಊರಿನ ಬಸದಿಯ ಕಲ್ಲಿನ ವಿಗ್ರಹವನ್ನು ಹುಂಚದ ಹತ್ತಿರ ಕಟ್ಟಿದ ಹೊಸ ಬಸದಿಗೆ ಮುಟ್ಟಿಸಬೇಕಿತ್ತು. ವಿಗ್ರಹ, ಅದರ ಪ್ರಭಾವಳಿ, ಬಾಗಿಲವಾಡದ ಕಲ್ಲು, ಎಲ್ಲ ಸೇರಿ ಟ್ರೈಲರು ತುಂಬುವಷ್ಟು ಭಾರ.

"ಗಾಡಿ ಬಿಸಿಯಾಗೋದಿಲ್ಲ ತಾನೆ?" ಅಂತ ಕೇಳಿಯೇಬಿಟ್ಟ ವೀರಕುಮಾರ, ಹೊರಡುವ ದಿನ ಬೆಳಿಗ್ಗೆ ಹೊಳೆಯ ಈಚೆ ದಡದಲ್ಲಿ ಕಲ್ಲನ್ನೆಲ್ಲ ಟ್ರೈಲರಿಗೆ ಏರಿಸಿದ ಮೇಲೆ.

ಹುಲಿಯಪ್ಪನ ಭಾಷಣ ಮುಗಿಯುವವರೆಗೆ ಅವನು ತಾಳ್ಮೆಯಿಂದ ನಿಂತಿದ್ದ. ಆಮೇಲೆ ಹೇಳಿದ, "ನಾನು ಕೇಳಿದ್ದು ಕಲ್ಲಿನ ಚಿಂತೆಗಲ್ಲ ಹುಲಿಯಪ್ಪ. ನಮ್ಮ ದೊಡ್ಡಮ್ಮನ ಚಿಂತೆಗೆ."

ದೊಡ್ಡಮ್ಮ ಅಂದರೆ ಜಿನಮ್ಮ. ನಲವತ್ತು ವರ್ಷ ಆ ಬಸದಿಯ ದೀಪ ಆರದ ಹಾಗೆ ನೋಡಿಕೊಂಡವರು. ಸ್ವಾಮಿ ಪೀಠದಿಂದ ಎದ್ದ ಗಳಿಗೆಯಿಂದ ಹೊಸ ಪೀಠದಲ್ಲಿ ಕೂರುವ ತನಕ ಅನ್ನ ನೀರು ಮುಟ್ಟೋದಿಲ್ಲ ಅಂತ ವ್ರತ ಹಿಡಿದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ವಿಗ್ರಹ ಎದ್ದದ್ದು ನಿನ್ನೆ ಬೆಳಿಗ್ಗೆ. ದೋಣಿಯಲ್ಲಿ ಹೊಳೆ ದಾಟಿ ಈಚೆ ದಡಕ್ಕೆ ಬರುವಷ್ಟರಲ್ಲೇ ಒಂದು ಹಗಲು ಕಳೆದಿತ್ತು. ಇನ್ನು ಸೂರ್ಯ ಮುಳುಗಿದ ಮೇಲೆ ಅವರು ಹುಟ್ಟಿದಾಗಿನಿಂದ ಬಾಯಿಗೆ ಏನೂ ಹಾಕಿದವರಲ್ಲ. ಇವತ್ತು ಸಂಜೆಯೊಳಗೆ ವಿಗ್ರಹ ಕೂರದಿದ್ದರೆ ನಾಳೆ ಬೆಳಗಿನವರೆಗೆ ತೊಟ್ಟು ನೀರಿಲ್ಲ.

"ನಾಳೆವರೆಗೆ ತಡೀತಾರೆ ಅನ್ನೋ ಧೈರ್ಯ ನಂಗಿಲ್ಲ," ಅಂದ ವೀರಕುಮಾರ.

"ಮೂರು ಗಂಟೆಗೆ ಹುಂಚ. ಬರೆದಿಟ್ಕೊಳಿ," ಅಂದ ಹುಲಿಯಪ್ಪ.

ಹೊರಟಿದ್ದೂ ಹಾಗೇ ಠೀವಿಯಿಂದ. ಮುಂದೆ ಹುಲಿಯಪ್ಪನ ಪಕ್ಕದಲ್ಲಿ ಜಿನಮ್ಮ, ಹಿಂದೆ ಪಿಕಪ್ಪಿನಲ್ಲಿ ಪಾತ್ರೆ ಪಗಡದ ನಡುವೆ ವೀರಕುಮಾರ, ಅದರ ಹಿಂದೆ ಟ್ರೈಲರಿನಲ್ಲಿ ಹುಲ್ಲು, ಗೋಣಿ, ಬಿಳಿ ಬಟ್ಟೆ ಸುತ್ತಿದ ಸ್ವಾಮಿ. ದಾರಿಯಲ್ಲಿ ಸ್ವಾಮಿಯ ಮುಖ ಯಾರಿಗೂ ಕಾಣಬಾರದು ಅಂತ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಹೇಳಿ ಕಟ್ಟಿಸಿದ್ದರು.

ಯಡವಟ್ಟಾದದ್ದು ಅಲ್ಲೇ. ಸುದ್ದಿ ಮುಂದೆ ಮುಂದೆ ಓಡಿತ್ತು. ಊರೂರಲ್ಲೂ ಜನ ರಸ್ತೆಗೆ ಬಂದು ನಿಂತಿದ್ದರು, ಜೈನರು ಮಾತ್ರವಲ್ಲ, ಎಲ್ಲರೂ. ಮುಳುಗುವ ಊರಿನ ದೇವರು ಹೋಗ್ತಾ ಇದೆ ಅಂದರೆ ಯಾರ ಕರುಳು ಚುರುಕ್ ಅನ್ನೋದಿಲ್ಲ? ಹಾರ ತಂದಿದ್ದರು, ಅಡಿಕೆಯ ಸಿಂಗಾರ ತಂದಿದ್ದರು, ಮಾವಿನ ತೋರಣ ತಂದಿದ್ದರು. ಆದರೆ ಗೋಣಿ ಕಟ್ಟಿನ ಮೇಲೆ ಹಾರ ಹಾಕುವುದು ಎಲ್ಲಿಗೆ? ಸ್ವಾಮಿಯನ್ನು ಎಳೆಯುವ ಗಾಡಿಗೇ ಹಾಕಿದರು. ಪಿಕಪ್ಪಿನ ಮೂತಿಯ ಜಾಲರಿಗೆ ಒಂದರ ಮೇಲೊಂದು ಕಟ್ಟಿದರು. ಸಾಗರದಲ್ಲಂತೂ ಬಿಳಿ ಪಂಚೆಯ ಯಜಮಾನರೊಬ್ಬರು ಗಾಡಿಗೆ ಕೈಮುಗಿದು, ತಿರುಗಿ ಹುಲಿಯಪ್ಪನಿಗೂ ಕೈಮುಗಿದುಬಿಟ್ಟರು!

ಗೊಬ್ಬರ ಹೊತ್ತು ತಿರುಗಿದ ಗಾಡಿಗೆ ಇಂಥ ಮರ್ಯಾದೆ ಯಾವತ್ತು ಸಿಕ್ಕಿತ್ತು? ಹುಲಿಯಪ್ಪ ಉಬ್ಬಿಹೋದ. ಹಾರ ತಂದವರಿಗೆಲ್ಲ ಬೇಗ ಬೇಗ ಅನ್ನಬೇಕಾದವನು ತಾನೇ ಇಳಿದು, "ಇಲ್ಲಿ ಕಟ್ರಿ, ಈ ಕಡೆ ಖಾಲಿ ಇದೆ," ಅಂತ ಜಾಗ ತೋರಿಸಿದ. ಹೊಸನಗರದಲ್ಲಿ ಅವನ ಕೇರಿಯವರೇ ಸೇರಿದ್ದರು. ಅವನ ಅತ್ತೆ ಗುತ್ಯಮ್ಮ ಬಾಳೆದಿಂಡು, ಸಿಂಗಾರದ ಗೊನೆ ತಂದು ಎರಡೂ ಕಡೆ ಬಿಗಿದರು. ಅಲ್ಲಿಂದ ಬಿಡುವಾಗ ಗಂಟೆ ಎರಡು. ಗಾಡಿಯ ಮುಂದುಗಡೆ ಒಂದಂಗುಲ ತಗಡೂ ಕಾಣುತ್ತಿರಲಿಲ್ಲ.

ಊರು ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ಹೀಟ್ ಮೀಟರಿನ ಮುಳ್ಳು ಮೇಲಕ್ಕೆ ಹತ್ತತೊಡಗಿತು. ಹುಲಿಯಪ್ಪ ಗೇರು ಇಳಿಸಿದ. ಮುಳ್ಳು ಇಳಿಯಲಿಲ್ಲ. ಏರಿನ ನಡುವೆ ಬಾನೆಟ್ಟಿನ ಸಂದಿನಿಂದ ಹಬೆ ಬುಸ್ ಅಂತು. ನೆರಳು ನೋಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಓಡಲು ಬಿಟ್ಟು ಕಾದ. ಒದ್ದೆ ಗೋಣಿ ಹಿಡಿದು ರೇಡಿಯೇಟರಿನ ಮುಚ್ಚಳ ಸಡಿಲ ಮಾಡಿ, ಡಬ್ಬದಿಂದ ನೀರನ್ನು ಸಣ್ಣಗೆ ಧಾರೆ ಬಿಟ್ಟ. ಕೆಲಸದಲ್ಲಿ ಒಂದು ತಪ್ಪಿಲ್ಲ.

"ಭಾರ ಜಾಸ್ತಿ," ಅಂದ ವೀರಕುಮಾರನಿಗೆ. "ಬಿಸಿಲೂ ಜಾಸ್ತಿ."

ಒಂದೂವರೆ ಮೈಲಿಗೆ ಮತ್ತೆ ಕುದಿಯಿತು. ಮತ್ತೆ ನಿಲ್ಲಿಸಿದ, ಮತ್ತೆ ಕಾದ, ಮತ್ತೆ ಎರಡು ಡಬ್ಬ ಹುಯ್ದ. ಈ ಸಲ ವೀರಕುಮಾರನನ್ನು, ಟ್ರೈಲರ್ ಮಾಡಿದ ಸಾಗರದ ಕಮ್ಮಾರನನ್ನು, ಡೀಸೆಲ್ಲಿಗೆ ಏನೋ ಬೆರೆಸುತ್ತಾರೆ ಅಂತ ಯಾರು ಯಾರನ್ನೋ ಬಾಯಿಗೆ ಬಂದಂತೆ ಬೈದ. ಬೈಯುವಾಗ ಗಾಡಿಯ ಮುಂದೆ ಮಾತ್ರ ನಿಲ್ಲಲಿಲ್ಲ. ಅವನಿಗೆ ಗೊತ್ತಿತ್ತು. ಸಾಗರದಲ್ಲಿ ನಾಲ್ಕನೇ ಹಾರ ಬಿದ್ದಾಗಲೇ ಒಳಗೊಂದು ದನಿ ಹೇಳಿತ್ತು, ಇನ್ನು ಒಳಗೆ ಗಾಳಿ ಎಲ್ಲಿಂದ ಹೋಗ್ತದೆ ಅಂತ. ಆ ದನಿಯನ್ನು ಅವನು ಗದರಿ ಕೂರಿಸಿದ್ದ.

ಮೂರನೇ ಸಲ ಕುದಿದದ್ದು ಹುಂಚದ ಮೊದಲಿನ ದೊಡ್ಡ ಏರಿನ ಬುಡದಲ್ಲಿ. ಗಂಟೆ ನಾಲ್ಕೂ ಮುಕ್ಕಾಲು. ಹುಲಿಯಪ್ಪ ಕೆಳಗಿನ ಹಳ್ಳಕ್ಕಿಳಿದು, ಬೇಸಗೆಯಲ್ಲಿ ಉಳಿದಿದ್ದ ಗುಂಡಿಯಿಂದ ನೀರು ಬಗ್ಗಡವಾಗದ ಹಾಗೆ ಮೊಗೆದು ತಂದ. ಬಾನೆಟ್ಟಿನ ಪಕ್ಕ ನಿಂತು ಹುಯ್ಯುತ್ತಾ ಹುಯ್ಯುತ್ತಾ ಅವನ ಕಣ್ಣು ಗಾಡಿಯೊಳಗಿನ ಸೀಟಿನ ಕಡೆ ಹೋಯಿತು.

ಜಿನಮ್ಮ ಅದನ್ನೇ ನೋಡುತ್ತಾ ಕೂತಿದ್ದರು. ತುಟಿ ಬಿರಿದು ಬೆಳ್ಳಗಾಗಿತ್ತು. ಬೆಳಿಗ್ಗೆ ದಾರಿಯುದ್ದಕ್ಕೂ ಮಾತಾಡಿಸಿದವರು ಎರಡು ತಾಸಿನಿಂದ ಸುಮ್ಮನಾಗಿದ್ದರು.

"ಪಾಪ, ಎಷ್ಟು ಬಾಯಾರಿದೆ ನೋಡು ಅದಕ್ಕೆ," ಅಂದರು. ಅದರಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. "ನಿಧಾನಕ್ಕೆ ಹುಯ್ಯಿ ಮಾರಾಯ."

ಇಲ್ಲಿವರೆಗೆ ಹುಲಿಯಪ್ಪ ಏಳು ಡಬ್ಬ ನೀರು ಆ ಮುದುಕಿಯ ಕಣ್ಣೆದುರೇ ಹುಯ್ದಿದ್ದ. ಎರಡು ದಿನದಿಂದ ಹನಿ ಕಾಣದವರು ಗಾಡಿಯ ಬಾಯಾರಿಕೆಗೆ ಮರುಗುತ್ತಿದ್ದಾರೆ! ಅವನಿಗೆ ತನ್ನ ಮೇಲೇ ಎಂಥ ಹೇಸಿಗೆ ಹುಟ್ಟಿತು ಅಂದರೆ, ಡಬ್ಬವನ್ನು ನೆಲಕ್ಕೆ ಕುಕ್ಕಿದ. ಗಾಡಿಯ ಮುಂದೆ ಹೋಗಿ ಹಾರಗಳ ಎದುರು ಅಂಗೈ ಹಿಡಿದ. ಒಳಗೆ ಫ್ಯಾನು ಭರ್ರೋ ಅಂತ ತಿರುಗುತ್ತಿತ್ತು. ಅಂಗೈಗೆ ಗಾಳಿಯ ಸೆಳೆತವೇ ಇಲ್ಲ.

"ಅಮ್ಮಾ," ಅಂದ. "ಗಾಡಿ ಕೆಟ್ಟಿಲ್ಲ. ಭಾರಾನೂ ಜಾಸ್ತಿ ಆಗಿಲ್ಲ. ಈ ಹಾರದಿಂದ ರೇಡಿಯೇಟರಿಗೆ ಗಾಳೀನೇ ಹೋಗ್ತಿಲ್ಲ. ನಂಗೆ ಸಾಗರದಲ್ಲೇ ಗೊತ್ತಾಗಿತ್ತು. ನನ್ನ ಗಾಡಿಗೆ ಹಾರ ಬಿತ್ತು ಅನ್ನೋ ಮೆರೆದಾಟದಲ್ಲಿ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು."

ವೀರಕುಮಾರ ಹಿಂದಿನಿಂದ ಧುಮುಕಿದ. "ಏನಂದೆ? ಗೊತ್ತಿದ್ದೂ?" ಅಂತ ಎಗರಾಡಿದ. ಅವನ ಸಿಟ್ಟಿಗೆ ಅರ್ಥವಿತ್ತು, ಹುಲಿಯಪ್ಪ ತಲೆ ತಗ್ಗಿಸಿ ಎಲ್ಲ ಬೈಗುಳ ತಿಂದ. ತಿಂದು ಹಾರದ ಗಂಟಿಗೆ ಕೈ ಹಾಕಿದ. ವೀರಕುಮಾರ ಆ ಕೈಯನ್ನೂ ಹಿಡಿದ.

"ತಡಿ! ಸ್ವಾಮಿಗೆ ಅಂತ ಬಂದಿರೋ ಹಾರ. ಸ್ವಾಮಿ ಪೀಠಕ್ಕೆ ಹೋಗೋ ಮೊದಲು ರಸ್ತೇಲಿ ಬಿಚ್ಚಿ ಎಸೆದ್ರೆ ಏಳೂರಿನ ಜನಕ್ಕೆ ಏನು ಉತ್ತರ ಹೇಳ್ಲಿ ನಾನು?"

"ಬಿಚ್ಚದಿದ್ರೆ ಗಾಡಿ ಈ ಏರು ಹತ್ತೋದಿಲ್ಲ. ನಿಮ್ಮ ದೊಡ್ಡಮ್ಮನಿಗೆ ಏನು ಉತ್ತರ ಹೇಳ್ತೀರಿ?"

ಗಾಡಿಯ ಬಾಗಿಲು ಕಿರ್ ಅಂದಿತು. ಜಿನಮ್ಮ ಒಂದೊಂದೇ ಕಾಲು ಕೆಳಗಿಟ್ಟು ಇಳಿದರು. ನಿಲ್ಲಲಾಗದೆ ಬಾಗಿಲಿಗೇ ಆತುಕೊಂಡರು. ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು.

"ಎಸೀರಿ ಅಂದೋರು ಯಾರು?" ಅಂದರು. "ನನ್ನ ಮಡಿಲಿಗೆ ಹಾಕಿ. ಸ್ವಾಮಿಗೆ ನಾನು ಮುಟ್ಟಿಸ್ತೇನೆ. ನಲವತ್ತು ವರ್ಷ ಊರಿನ ಹೂವೆಲ್ಲ ನನ್ನ ಕೈಯಿಂದಲೇ ಹೋಗಿದ್ದಲ್ವೇನೋ ವೀರಾ?"

ವೀರಕುಮಾರನ ಕಣ್ಣಲ್ಲಿ ನೀರು ಬಂತು. ಅವನೇ ಮೊದಲ ಗಂಟು ಬಿಚ್ಚಿದ. ಜಿನಮ್ಮನ ಮಡಿಲು ತುಂಬಿ, ಸೀಟು ತುಂಬಿ, ಉಳಿದದ್ದು ಅವರ ಕಾಲ ಬಳಿ ಒಗೆದ ಪಂಚೆಯೊಂದರ ಮೇಲೆ ಹರಡಿತು. ಜಾಲರಿಯೊಳಗೆ ಸೇರಿಕೊಂಡಿದ್ದ ಎಸಳನ್ನು ಹುಲಿಯಪ್ಪ ಕಡ್ಡಿಯಿಂದ ಕೆದಕಿ ತೆಗೆದ. ಆಮೇಲೆ ಸ್ಪ್ಯಾನರ್ ತಂದು ಬಾನೆಟ್ಟಿನ ಮುಚ್ಚಳವನ್ನೇ ಕಳಚಿ ಹಿಂದೆ ಹಾಕಿದ. ಮೇಲಿನಿಂದಲೂ ಗಾಳಿ ಆಡಲಿ.

ಆಮೇಲೆ ಓಡಿಸಿದ ನೋಡಿ, ಅದು ಹುಲಿಯಪ್ಪನ ಓಟ. ಏರಿನ ಬುಡದಲ್ಲೇ ಎರಡನೇ ಗೇರು, ತಿರುವಿನಲ್ಲಿ ಒಂದು. ಅವಸರವಿತ್ತು, ಆದರೆ ಕಾಲು ಅವಸರ ಮಾಡಲಿಲ್ಲ. ಎಂಜಿನ್ನಿನ ಸದ್ದು ಕಿವಿಗೆ ಒಂದೇ ಹದದಲ್ಲಿ ಬೀಳುತ್ತಿತ್ತು. ಮುಳ್ಳು ಸ್ವಲ್ಪ ಹತ್ತಿತು, ನಿಂತಿತು, ನೆತ್ತಿ ದಾಟಿದ ಮೇಲೆ ಇಳಿಯಿತು. "ಹಿಡ್ಕೊಂಡೆ ಅಮ್ಮಾ, ಬಿಸೀನ ಹಿಡ್ಕೊಂಡೆ!" ಅಂತ ಕೂಗಿದ. ಜಿನಮ್ಮ ಹೂವಿನ ರಾಶಿಯ ನಡುವೆ ಕಣ್ಣು ಮುಚ್ಚಿಯೇ ತಲೆ ಆಡಿಸಿದರು. ಆ ತಲೆ ಆಡಿಸಿದ್ದು ನಿತ್ರಾಣಕ್ಕೋ ಸಮಾಧಾನಕ್ಕೋ ತಿಳಿಯದೆ ಅವನಿಗೆ ಹೆದರಿಕೆಯೂ ಆಯಿತು.

ಹೊಸ ಬಸದಿಯ ಮುಂದೆ ನಿಂತಾಗ ಗಂಟೆ ಆರು. ಸೂರ್ಯ ಇನ್ನೂ ಗುಡ್ಡದ ಮೇಲಿದ್ದ. ತೀರ್ಥಹಳ್ಳಿಯಿಂದ ಬಂದಿದ್ದ ಕಲ್ಲುಕೆಲಸದ ಮಂಜುನಾಥಪ್ಪ ಪೀಠ ಸಿದ್ಧ ಮಾಡಿ ಕಾಯುತ್ತಿದ್ದರು. ಹಲಗೆ ಕೊಟ್ಟು, ಉರುಳುಗಂಬ ಇಟ್ಟು, ಹದಿನೈದು ಜನ ಐಸಾ ಐಸಾ ಅಂತ ಸ್ವಾಮಿಯನ್ನು ಇಳಿಸಿದರು. ಹುಲಿಯಪ್ಪನೂ ಹೆಗಲು ಕೊಟ್ಟ. ಒಳಗಿನದು ಬಸದಿಯವರ ಪಾಲು ಅಂತ ಬಾಗಿಲ ಹತ್ತಿರ ತಾನಾಗಿ ಹಿಂದೆ ಸರಿದ. ಒಳಗೆ ಒಂದು ಸಲ ಕೂರಲಿಲ್ಲ, ಎತ್ತಿದರು. ಎರಡನೇ ಸಲವೂ ವಾರೆಯಾಯಿತು. ಹುಲಿಯಪ್ಪ ಅಂಗಳದಲ್ಲಿ ನಿಂತು ಸೂರ್ಯನನ್ನು ನೋಡುವುದು, ಬಾಗಿಲನ್ನು ನೋಡುವುದು. ಸೂರ್ಯನ ಕೆಳ ಅಂಚು ಗುಡ್ಡಕ್ಕೆ ತಾಗಿತು.

"ಕೂತಿತು!" ಅಂತ ಮಂಜುನಾಥಪ್ಪನ ಕೂಗು ಕೇಳಿತು.

ವೀರಕುಮಾರ ಸೋಸಿ ಕಾಯಿಸಿ ಆರಿಸಿದ ನೀರಿನ ಲೋಟ ಹಿಡಿದು ಓಡಿದ. ಬಾಗಿಲಲ್ಲಿ ಕೂತಿದ್ದ ಜಿನಮ್ಮ ಒಳಗೆ ಒಮ್ಮೆ ನೋಡಿ ಕೈಮುಗಿದು, ಲೋಟವನ್ನು ಎರಡೂ ಕೈಯಲ್ಲಿ ಎತ್ತಿದರು. ಸೂರ್ಯ ಅರ್ಧ ಇದ್ದ. ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿದರು. ಅದನ್ನು ಕೇಳಿದ ಮೇಲೆ ಹುಲಿಯಪ್ಪ ಟ್ರೈಲರಿನ ಹಲಗೆಯ ಮೇಲೆ ಕುಸಿದು ಕೂತ.

ಜನ ಬಂದು ಬೆನ್ನು ತಟ್ಟಿದರು. ಹುಲಿಯಪ್ಪನ ಕೈ ಅಂದರೆ ಕೈ ಅಂದರು. ಸ್ವಲ್ಪ ಹೊತ್ತಿಗೆ ಜಿನಮ್ಮನೇ ವೀರಕುಮಾರನ ಭುಜ ಹಿಡಿದು ಅಂಗಳ ದಾಟಿ ಬಂದರು.

"ನೀನು ಬಾಯಿ ಬಿಡದಿದ್ರೆ ನಂಗೆ ತಿಳೀತಾನೇ ಇರ್ಲಿಲ್ಲ ಮಾರಾಯ," ಅಂದರು. "ಎಂಜಿನ್ ಕೆಡ್ತು, ನನ್ನ ಕೈಲಾಗಲ್ಲ ಅಂದಿದ್ರೂ ನಾನು ನಂಬ್ತಿದ್ದೆ."

"ನಂಬ್ತಿದ್ರಿ ಅಂತಲೇ ನಿಜ ಹೇಳ್ಬಿಟ್ಟೆ ಅಮ್ಮಾ," ಅಂದ ಹುಲಿಯಪ್ಪ.