ಚಂಪಾಳ ತೊಡೆಯ ಚೂರು ಹೊತ್ತ ಗಾಜು

ನಾನು ಒಂದು ಗಾಜಿನ ಪಟ್ಟಿ. ಕುಲುಮೆಯಲ್ಲಿ ಕರಗಿ, ಹಾಳೆಯಾಗಿ ಹರಿದು, ಬೆರಳುದ್ದಕ್ಕೆ ಕತ್ತರಿಸಿಕೊಂಡು, ಒಡಹುಟ್ಟಿದವರ ಜೊತೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಪ್ರಯೋಗಾಲಯ ಸೇರಿದೆ. ಉಳಿದವರ ಮೇಲೆ ರಕ್ತದ ಹನಿ, ಕಫ ಹಚ್ಚಿ ನೋಡಿ ಎಸೆದರು. ನನ್ನ ಪಾಲಿಗೆ ಬಂದದ್ದು ಚಂಪಾಳ ತೊಡೆಯ ಚೂರು.

ಚಂಪಾಳಿಗೆ ಮೂರು ವರ್ಷ, ಇನ್ನೂ ನಡೆದಿರಲಿಲ್ಲ. ಹುಟ್ಟುವಾಗಲೇ ಜಾರಿದ್ದ ಸೊಂಟದ ಕೀಲು ಕೂರಿಸಲು ಆಪರೇಷನ್ ನಿಗದಿಯಾಗಿತ್ತು. ತಾಯಿ ಕಸ್ತೂರೆವ್ವ ಮಾತ್ರ ಸಹಿ ಹಾಕಲು ಒಪ್ಪಲಿಲ್ಲ. ಚಂಪಾಳ ಅಣ್ಣ ಹಿಂದೆ ಹರ್ನಿಯಾ ಆಪರೇಷನ್ನಿಗೆಂದು ಒಳಗೆ ಹೋದವನು ಜೀವಂತ ಹೊರಬಂದಿರಲಿಲ್ಲ.

"ಮೈ ಕೆಂಡ ಆಗಿತ್ರಿ. ಕಟಗಿಯಂಗ ಸೆಟದಿದ್ದ. ಯಾಕಂತ ಯಾರೂ ಹೇಳಲಿಲ್ರಿ," ಎಂದಿದ್ದಳಂತೆ.

ಅದನ್ನು ಕೇಳಿದ ಡಾಕ್ಟರ್ ವೈಜಯಂತಿ ಆಪರೇಷನ್ ತಡೆದು, ಮಗುವಿನ ತೊಡೆಯ ಒಂದು ಜಾಗವನ್ನಷ್ಟೇ ಮರಗಟ್ಟಿಸಿ ಕಾಳಿನಷ್ಟು ಸ್ನಾಯು ತೆಗೆಸಿದರು. ಅದನ್ನು ಹೆಪ್ಪುಗಟ್ಟಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ನನ್ನ ಮೈಗೆ ಅಂಟಿಸಿ, ನೀಲಿ ಬಣ್ಣ ಕುಡಿಸಿ, ಸೂಕ್ಷ್ಮದರ್ಶಕದಡಿ ಮಲಗಿಸಿದರು. ಮೇಲಿನಿಂದ ಡಾಕ್ಟರ ಕಣ್ಣು ನನ್ನನ್ನೇ ನೋಡುತ್ತಿತ್ತು. ಅದು ರೆಪ್ಪೆ ಬಡಿಯುವುದನ್ನೇ ಮರೆಯಿತು. ಸ್ನಾಯುವಿನ ಒಂದೊಂದು ಎಳೆಯ ನಟ್ಟನಡುವೆಯೂ ಬಣ್ಣ ಹಿಡಿಯದ ಬಿಳಿ ಬೊಟ್ಟು, ತಿರುಳನ್ನೇ ಯಾರೋ ಕಿತ್ತ ಹಾಗೆ.

ಕಸ್ತೂರೆವ್ವಳನ್ನು ಒಳಗೆ ಕರೆದರು.

"ಇದು ಹುಟ್ಟಿನಿಂದ ಬರೋ ಸ್ನಾಯುವಿನ ಬ್ಯಾನಿ. ಇದು ಇದ್ದವರಿಗೆ ಆಪರೇಷನ್ನಿನಾಗ ಎಚ್ಚರ ತಪ್ಪಿಸೋ ಕೆಲವು ಔಷಧಿ ವಿಷ ಆಗತಾವ, ಮೈ ಕಾದು ಸೆಟೀತದ. ನಿಮ್ಮ ಮಗಗೂ ಹಂಗ ಆಗಿರಬೇಕು."

ಕಸ್ತೂರೆವ್ವ ಎದ್ದು ನಿಲ್ಲಲು ಹೋದಳು. ಎರಡೂ ಅಂಗೈಯನ್ನು ತೊಡೆಗೆ ಒತ್ತಿ, ತನ್ನನ್ನೇ ತಾನು ಹತ್ತಿದಂತೆ ಎದ್ದಳು. ಡಾಕ್ಟರು ಅದನ್ನು ನೋಡಿದರು.

"ಯಾವಾಗಲೂ ಹಿಂಗ ಏಳತೀರೇನು?"

"ಸಣ್ಣಾಕಿದ್ದಾಗಿಂದ್ರಿ. ಮಾಳಗಿ ಹತ್ತಾಕ ಆಗತಿದ್ದಿಲ್ಲ. ಮೈಗಳ್ಳಿ ಅಂತ ಬೈತಿದ್ರು."

ಡಾಕ್ಟರು ನನ್ನತ್ತ ಒಮ್ಮೆ, ಆಕೆಯ ಕಾಲಿನತ್ತ ಒಮ್ಮೆ ನೋಡಿದರು.

"ಅಂದ್ರ... ನನ್ನಿಂದ ಬಂತೇನ್ರಿ?"

"ಇರಬಹುದು, ಪರೀಕ್ಷೆ ಮಾಡೋಣ. ಆದ್ರ ನೀವು ಬೇಕಂತ ಕೊಟ್ಟದ್ದಲ್ಲವ್ವಾ."

"ಬ್ಯಾರೆ ಔಷಧಿ ಕೊಟ್ರ ಇಕಿ ಉಳಿತಾಳೇನ್ರಿ?"

"ಭರವಸೆ ಅದ. ಜ್ವರ ಏರಿದ್ರ ಇಳಿಸೋ ಔಷಧಿನೂ ಕೈಯಾಗ ಇಟ್ಕೊಂಡ ಹೋಗತೀವಿ."

ಆಕೆ ಸಹಿ ಹಾಕಿದಳು.

ಆಪರೇಷನ್ನಿನ ದಿನ ನಾನು ಡಾಕ್ಟರ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮೇಜಿನ ಮೇಲಿದ್ದೆ. ಕಸ್ತೂರೆವ್ವ ಎದುರಿಗೆ ಕುಳಿತಿದ್ದಳು. ಮೊಗಸಾಲೆಯಲ್ಲಿ ಯಾರ ಹೆಜ್ಜೆ ಕೇಳಿದರೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಒಮ್ಮೆ ಯಾರೋ ಓಡಿದರು. ಆಗ ಆಕೆ ಕಣ್ಣು ಮುಚ್ಚಿದವಳು, ಬಾಗಿಲು ತೆರೆದು ಡಾಕ್ಟರು ಬಂದಾಗಲೂ ತೆರೆಯಲಿಲ್ಲ.

"ಮೈ ತಣ್ಣಗದ, ಜ್ವರ ಏರಲಿಲ್ಲ," ಎಂದರು ಡಾಕ್ಟರು. "ಬಂದು ಮುಟ್ಟಿ ನೋಡ್ರಿ."

ಆಕೆಗೆ ಏಳಲಾಗಲಿಲ್ಲ. ಡಾಕ್ಟರು ತೋಳು ಕೊಟ್ಟು ಎಬ್ಬಿಸಿದರು.

ಆಮೇಲೆ ನನ್ನನ್ನು ಕಪಾಟಿನ ಗೂಡಿನಲ್ಲಿ ಇಟ್ಟರು. ನನಗೀಗ ವಯಸ್ಸಾಗಿದೆ. ಚಂಪಾ ಗೋಡೆ ಹಿಡಿದು ನಡೆಯುತ್ತಾಳಂತೆ, ಓಡುವುದು ಅವಳಿಂದಾಗದು. ಕೊಡಬಾರದ ಔಷಧಿಗಳ ಪಟ್ಟಿ ಅವಳ ಕೊರಳಲ್ಲಿ ತೂಗುತ್ತದೆ. ನನ್ನ ಪಕ್ಕದ ಗೂಡಿನಲ್ಲಿ ಅವಳ ತಾಯಿಯ ತೊಡೆಯ ಚೂರು ಹೊತ್ತ ಗಾಜಿದೆ, ಅದರಲ್ಲೂ ಅವೇ ಬಿಳಿ ಬೊಟ್ಟು.

ನಿನ್ನೆ ಕಸ್ತೂರೆವ್ವ ತನ್ನ ತಂಗಿಯನ್ನು ಕರೆತಂದಿದ್ದಳು. ತಂಗಿಯ ತೊಡೆಯ ಮೇಲೆ ಕುತ್ತಿಗೆ ನಿಲ್ಲದ ಕೂಸು. ತಂಗಿ ಅಳುತ್ತಿದ್ದಳು, ಅಕ್ಕ ಅಳಲಿಲ್ಲ. "ಮೊದಲು ಪರೀಕ್ಷೆ ಮಾಡ್ರಿ," ಎಂದಳು, "ಅಲ್ಲೀತನಕ ಇದಕ್ಕ ಎಚ್ಚರ ತಪ್ಪಿಸೋ ಔಷಧಿ ಕೊಡಬ್ಯಾಡ್ರಿ." ಹೆದರಿಕೆ ಆಕೆಯ ದನಿಯಲ್ಲಿ ಹಾಗೆಯೇ ಇತ್ತು. ಆದರೆ ಈ ಸಲ ಅದು ಕೂಸಿಗಿಂತ ಮುಂಚೆ ಬಂದು ಆಪರೇಷನ್ ಕೋಣೆಯ ಬಾಗಿಲಲ್ಲಿ ಕಾವಲಾಗಿ ಅಡ್ಡ ನಿಂತಿತ್ತು.